ಇಬ್ರಾ ದಾರಿಯಲ್ಲಿ ಎರಡನೇ ಡಬ್ಬಿ

ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆ ದಾಟಿ ಬರ್ಕಾದ ಕಡೆ ಹೊರಟಾಗ ಮಧ್ಯಾಹ್ನ ಮೂರು ಗಂಟೆ. ತೊಂಬತ್ತರ ದಶಕದ ಆರಂಭದ ಒಂದು ಆಗಸ್ಟ್. ವರ್ಷವನ್ನು ಆಣೆ ಮಾಡಿ ಹೇಳಲಾರೆ. ಮೈಸೂರಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳುವುದನ್ನು ಬಿಟ್ಟು ನಾನು ಮಸ್ಕತ್ತಿನ ಒಂದು ವಾಹನ ಕಂಪನಿ ಸೇರಿದ್ದೆ. ಹತ್ತರಲ್ಲೊಂದು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಎಂಜಿನ್ ಹೇಗೆ ಓಡುತ್ತದೆಂದು ಇಬ್ರಾದವರೆಗೆ ಪರೀಕ್ಷಿಸಿ ವರದಿ ಬರೆಯಬೇಕಿತ್ತು. ಪಿಕಪ್ ಓಡಿಸುತ್ತಿದ್ದವನು ಉಡುಪಿ ಕಡೆಯ ಮೆಕ್ಯಾನಿಕ್ ಲಾರೆನ್ಸ್.

"ನನಗೆ ಸಿಗದ ಕುಡಿಯುವ ಪರ್ಮಿಟ್ ಗಾಡಿಗೆ ಸಿಕ್ಕಿತಲ್ಲ ಮಾರಾಯ್ರೆ" ಎಂದು ಎಥನಾಲಿನ ಕ್ಯಾನನ್ನು ತಟ್ಟಿ ನಕ್ಕಿದ್ದ. ಆದರೆ ಇಂಧನದ ಜವಾಬ್ದಾರಿ ಅವನದೇ, ಹೆಚ್ಚುಕಮ್ಮಿಯಾದರೆ ಊರಿಗೆ ಕಳಿಸಿಬಿಡುತ್ತೇನೆ ಎಂದು ಅವನಿಗೆ ವೀಸಾ ಕೊಟ್ಟ ಮಾಲೀಕ, ಕಫೀಲ್, ನನ್ನೆದುರೇ ಹೇಳಿದ್ದ.

ಬರ್ಕಾದ ಸೆಕೆಗೆ ಕನ್ನಡಕ ಮಂಜಾಗುತ್ತಿತ್ತು. ಸಂಜೆ ಇಂಧನ ಬೆರೆಸಿ, ಎರಡು ಡಬ್ಬಿಗಳಿಗೆ ತುಂಬಿ, ಮುಚ್ಚಳಗಳನ್ನು ನಾನೇ ಬಿಗಿದೆ. ಬೆರಳಿಗೆ ಮುಚ್ಚಳದಂಚಿನ ಹಲ್ಲು ಒತ್ತಿದ್ದು ಈಗಲೂ ನೆನಪಿದೆ. ಡಬ್ಬಿಗಳನ್ನು ರಾತ್ರಿ ತಂಗಲಿದ್ದ ಕೋಣೆಯ ಹೊರಗೋಡೆಗೆ ಸೇರಿಸಿಟ್ಟು, ಅನ್ನ, ಮೀನುಸಾರು ಉಂಡು ಮಲಗಿದೆವು. ಕಿಟಕಿಯ ಎ.ಸಿ. ಹೊರಗೆ ಒಂದೇ ಸಮನೆ ನೀರು ತೊಟ್ಟಿಕ್ಕುತ್ತಿತ್ತು.

ಮರುದಿನ ಬೆಳಿಗ್ಗೆ ಪರೀಕ್ಷೆಗೆಂದೇ ಜೋಡಿಸಿದ್ದ ಸಣ್ಣ ಟ್ಯಾಂಕಿಗೆ ಮೊದಲ ಡಬ್ಬಿ ಸುರಿದೆವು. ಬಿದ್‌ಬಿದ್ ಊರಿನವರೆಗೆ ಎಂಜಿನ್ ಚೆನ್ನಾಗಿ ಓಡಿತು. ಬರೀ ಪೆಟ್ರೋಲಿನಲ್ಲಿ ಏರು ಹತ್ತುವಾಗ ಬರುತ್ತಿದ್ದ ಕಟಕಟ ಸದ್ದು ನಿಂತಿತ್ತು. ಮೈಲೇಜ್ ಮಾತ್ರ ಕೊಂಚ ಕಡಿಮೆ. ಅಲ್ಲಿ ಚಹಾ, ಪರಾಠ ಮುಗಿಸಿ ಎರಡನೇ ಡಬ್ಬಿ ಸುರಿದೆವು. ಕಣಿವೆಯ ಏರಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು.

ಎರಡೂ ಬದಿ ಕಪ್ಪು ಬಂಡೆ. ಗಾಳಿಯಿಲ್ಲ, ಒಂದು ಹಕ್ಕಿಯ ಸದ್ದೂ ಇಲ್ಲ. ಸಣ್ಣ ಟ್ಯಾಂಕಿನ ತಳದಿಂದ ಇಂಧನವನ್ನು ಗಾಜಿನ ಬಾಟಲಿಗೆ ಇಳಿಸಿದೆವು. ಮೊದಲು ಕದಡಿತ್ತು. ನಾವು ನೋಡುತ್ತಿದ್ದಂತೆಯೇ ನಡುವೆ ಒಂದು ಗೆರೆ ಮೂಡಿತು: ಮೇಲೆ ಪೆಟ್ರೋಲ್, ಕೆಳಗೆ ನೀರಿನೊಂದಿಗೆ ಸೇರಿಕೊಂಡ ಎಥನಾಲ್. ನೀರು ಸಾಕಷ್ಟು ಸಿಕ್ಕಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ಅದರ ಜೊತೆ ಹೋಗಿಬಿಡುತ್ತದೆ. ತಳದ ಆ ದ್ರವದಲ್ಲಿ ಎಂಜಿನ್ ಓಡದು.

ಮುಚ್ಚಳ ತೆಗೆದವರು ಯಾರೆಂದು ಗಡುಸಾಗಿಯೇ ಕೇಳಿದೆ. ಲಾರೆನ್ಸ್ ತಡವರಿಸಿದ.

"ನೀವೇ ಅಲ್ವಾ ಸರ್. ಮಸೀದಿಯ ಬೆಳಗಿನ ಬಾಂಗ್ ಆಗುವಾಗ ನೀವು ಡಬ್ಬಿಯನ್ನು ಎ.ಸಿ. ನೀರಿನಡಿ ಇಟ್ಟು ನಿಂತಿದ್ರಿ. ಮುಚ್ಚಳ ಕೈಯಲ್ಲಿತ್ತು. ಇದೆಂತ ಅಂತ ಕೇಳಿದೆ."

"ನಾನೇನಂದೆ?"

"ಇದಕ್ಕೆ ಬಾಯಾರಿದೆ ಅಂದ್ರಿ. ನನ್ನನ್ನು ನೋಡಿ ನಗಾಡಿದ್ರಿ. ಪರೀಕ್ಷೆ ನಿಮ್ಮದು, ನಾನೆಂತ ಹೇಳುವುದು?"

ಸುಳ್ಳು ಎನ್ನುವಂತಿರಲಿಲ್ಲ. ಎಥನಾಲಿಗೆ ನೀರಿನ ಮೇಲಿರುವ ಸೆಳೆತವನ್ನು ಮೈಸೂರಿನ ತರಗತಿಗಳಲ್ಲಿ ನಾನು ವಿವರಿಸುತ್ತಿದ್ದದ್ದು ಅದೇ ಮಾತಿನಲ್ಲಿ: ಇದಕ್ಕೆ ಬಾಯಾರಿದೆ. ಒಮಾನಿನಲ್ಲಿ ಅದನ್ನು ಯಾರ ಮುಂದೆಯೂ ಆಡಿದ ನೆನಪಿಲ್ಲ. ಆ ಬೆಳಗಿನ ಜಾವ ಎದ್ದು ಹೊರಗೆ ಹೋದ ನೆನಪೂ ಇಲ್ಲ. ನನಗೆ ನೆನಪಿದ್ದದ್ದು ಒಂದೇ, ಬೆರಳಿಗೆ ಒತ್ತಿದ ಮುಚ್ಚಳದ ಹಲ್ಲು. ಅದು ಬಿಗಿಯುವಾಗ ಒತ್ತಿದ್ದೋ, ಬಿಚ್ಚುವಾಗಲೋ?

ಗಾಡಿಯ ಮೂಲ ಪೆಟ್ರೋಲ್ ಟ್ಯಾಂಕಿಗೆ ಬದಲಿಸಿದ ಸ್ವಲ್ಪ ಹೊತ್ತಿಗೆ ಎಂಜಿನ್ ಹೊತ್ತಿತು. ಇಬ್ರಾ ಮುಟ್ಟುವವರೆಗೂ ಬಾಟಲಿ ನನ್ನ ತೊಡೆಯ ಮೇಲಿತ್ತು. ಗಾಡಿ ಎಷ್ಟು ಕುಲುಕಿದರೂ ಆ ಗೆರೆ ತಿರುಗಿ ತನ್ನ ಜಾಗಕ್ಕೇ ಬಂದು ನಿಲ್ಲುತ್ತಿತ್ತು.

ಇಬ್ರಾದ ಸೂಕ್ ಪೇಟೆಯ ಪಕ್ಕದ ಹೋಟೆಲಿನಲ್ಲಿ ಕುಳಿತು ವರದಿ ಬರೆದೆ. ಮಿಶ್ರಣದಲ್ಲಿ ದೋಷವಿಲ್ಲ, ಎರಡನೇ ಡಬ್ಬಿಗೆ ನೀರು ಸೇರಿಸಿದವನು ನಾನು, ಲಾರೆನ್ಸ್ ಅಲ್ಲ. ಕಣ್ಣಾರೆ ಕಾಣದ್ದನ್ನು ನಂಬದ ನಾನು, ನಾನೇ ಕಾಣದ ನನ್ನ ಕೆಲಸಕ್ಕೆ ಸಹಿ ಹಾಕಿದೆ.

ಮರುದಿನ ಅಲ್ ಮವಾಲೇಹ್‌ಗೆ ಮರಳಿದೆವು. ಉಳಿದ ಎಥನಾಲನ್ನು ಗೋದಾಮಿನಲ್ಲಿಟ್ಟು ಬೀಗ ಹಾಕಲು ಲಾರೆನ್ಸನಿಗೆ ಹೇಳಿದೆ. ಹಾಕಿ ಬಂದವನು ಗಾಡಿಯ ಕಿಟಕಿಗೆ ಬಾಗಿದ.

"ಕೀ ಎಲ್ಲಿಡ್ತೇನೆ ಅಂತ ನಿಮಗೆ ಹೇಳ್ಬೇಕಾ ಸರ್?"

"ಬೇಡ, ರಾತ್ರಿ ನಾನೇ ಬಂದು ಕೇಳಿದರೂ" ಎಂದೆ.