ಕರ್ತೃಪದವಿಲ್ಲದ ವಾಕ್ಯವೂ ಮನೆಯ ಇಂಟರ್ನೆಟ್ಟೂ

2023ನೆಯ ಇಸವಿಯ ನವೆಂಬರ್ ತಿಂಗಳು. ನನಗಾಗ ಐವತ್ತೊಂದು ತುಂಬಿ ಐವತ್ತೆರಡು ನಡೆಯುತ್ತಿತ್ತು. ತುಂಬಿದ ವಯಸ್ಸಿಗೂ ನಡೆಯುತ್ತಿರುವ ವಯಸ್ಸಿಗೂ ವ್ಯತ್ಯಾಸ ತಿಳಿಯದವರು ಅರ್ಜಿಗಳನ್ನು ತಪ್ಪಾಗಿ ತುಂಬುತ್ತಾರೆ. ಆದ್ದರಿಂದ ಎರಡನ್ನೂ ಹೇಳಿದ್ದೇನೆ.

ಅಜ್ಜಂಪುರದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ನಾನು ಇಪ್ಪತ್ತನಾಲ್ಕು ವರ್ಷ ಕನ್ನಡ ಬೋಧಿಸಿದೆ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿದು ಶಾಲೆ ಮುಚ್ಚಿತು. ಕಡೂರಿನ ಮನೆಯಲ್ಲಿ ಕುಳಿತು ಮದುವೆಯ ಕರೆಯೋಲೆಗಳ ಕಾಗುಣಿತ ತಿದ್ದುತ್ತಿದ್ದ ನನ್ನನ್ನು ಹಳೆಯ ಸಹೋದ್ಯೋಗಿಯೊಬ್ಬರು ನೆನಪಿಸಿಕೊಂಡರು. ಆಕೆ ತರೀಕೆರೆಯಲ್ಲಿ ಸರ್ಕಾರಿ ನೇಮಕಾತಿ ಪರೀಕ್ಷೆಗಳಿಗೆ ತರಬೇತಿ ಕೇಂದ್ರ ನಡೆಸುತ್ತಿದ್ದರು. ಕಡ್ಡಾಯ ಕನ್ನಡ ಪತ್ರಿಕೆಗೆ ಪ್ರತಿ ಸಂಜೆ ಆರರಿಂದ ಏಳೂವರೆಯವರೆಗೆ ಆನ್‌ಲೈನ್ ತರಗತಿ, ಮೂವತ್ತೊಂದು ಅಭ್ಯರ್ಥಿಗಳು. ಹಗಲು ಕುರಿ ಕಾದು ಸಂಜೆ ಪಾಠಕ್ಕೆ ಕೂರುತ್ತಿದ್ದ ಯಗಟಿಯ ಯುವತಿಯಿಂದ ಹಿಡಿದು ಲಕ್ಕವಳ್ಳಿಯ ಅಣೆಕಟ್ಟಿನ ಕ್ವಾರ್ಟರ್ಸಿನ ಹುಡುಗನವರೆಗೆ ಎಲ್ಲರೂ ಇದ್ದರು. ಜಗತ್ತಿನಲ್ಲಿ ನನಗೆ ಉಳಿದಿದ್ದ ತರಗತಿ ಅದೊಂದೇ ಆಗಿತ್ತು.

ಮೊದಲ ಹದಿನೈದು ದಿನ ಮೊಬೈಲಿನ ಹಾಟ್‌ಸ್ಪಾಟಿನಿಂದಲೇ ಪಾಠ ನಡೆಸಿದೆ. ನಮ್ಮ ಬೀದಿಯಲ್ಲಿ ಸಂಜೆಯಾದರೆ ಸಿಗ್ನಲ್ಲು ಸೊರಗುತ್ತದೆ. ಒಂದು ದಿನ ಸಂಧಿಪ್ರಕರಣ. "‘ಗುರುವನ್ನು’ ಎಂಬುದು ಲೋಪಸಂಧಿಯಲ್ಲ, ಆಗಮಸಂಧಿ" ಎಂದು ನಿಧಾನವಾಗಿ, ಎರಡು ಬಾರಿ ಹೇಳಿದೆ. ಮರುದಿನದ ಕಿರುಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಮಂದಿ ಲೋಪಸಂಧಿ ಎಂದೇ ಬರೆದಿದ್ದರು. ನಾನು ಸ್ವಲ್ಪ ಖಾರವಾಗಿಯೇ ಕಾರಣ ಕೇಳಿದೆ.

ಯಗಟಿಯ ಯುವತಿ ಉತ್ತರಿಸಿದಳು. "ಸಾರ್, ನೀವೇ ಹೇಳಿದ್ರಲ್ಲ. ಲೋಪಸಂಧಿ ಅಂತ ಅಂದ್ರಿ, ಆಮೇಲೆ ಬಾಯಿ ತೆರ್ಕೊಂಡ್ ಹಂಗೇ ನಿಂತ್ಬಿಟ್ರಿ. ಎಲ್ರೂ ಅದನ್ನೇ ಬರ್ಕೊಂಡ್ವಿ."

"‘ಅಲ್ಲ’ ಎಂದದ್ದು ಕೇಳಿಸಲಿಲ್ಲವೇ?"

"ಅದನ್ನ ನೆಟ್‌ವರ್ಕು ಲೋಪ ಮಾಡ್ಬಿಟ್ಟೈತೆ ಸಾರ್."

ಕನ್ನಡದಲ್ಲಿ ನಿಷೇಧವು ವಾಕ್ಯದ ಕೊನೆಯಲ್ಲಿ ಬರುತ್ತದೆ. ಬಾಲವೊಂದು ಕತ್ತರಿಸಿಹೋದರೆ ನಮ್ಮ ಭಾಷೆಯಲ್ಲಿ ಇಲ್ಲದ್ದೆಲ್ಲ ಇದೆಯೆಂದಾಗುತ್ತದೆ. ಇಪ್ಪತ್ತನಾಲ್ಕು ವರ್ಷ ಪಾಠ ಹೇಳಿದ್ದರೂ ಇದರ ಅಪಾಯ ನನಗೆ ಆ ದಿನವೇ ಮನವರಿಕೆಯಾದದ್ದು.

ವಾರದೊಳಗೆ ಕೇಂದ್ರದ ಮುಖ್ಯಸ್ಥೆಯ ಕರೆ ಬಂತು. "ಸರ್, ನಿಮ್ಮ ಪಾಠದ ಬಗ್ಗೆ ಒಬ್ರೂ ದೂರು ಹೇಳಿಲ್ಲ. ಪಾಠ ಕೇಳ್ಸಲ್ಲ ಅನ್ನೋದೇ ದೂರು. ಒಂದು ಒಳ್ಳೇ ಕನೆಕ್ಷನ್ ಹಾಕ್ಸ್ಕೊಳ್ಳಿ. ಇಲ್ದಿದ್ರೆ ಬ್ಯಾಚ್ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ."

ನಾನು ಬೇಸರಿಸಿಕೊಳ್ಳದೆ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದೆ. ಕಂಪನಿಗಳನ್ನು ಕೇಳಬೇಕಾದ ಹದಿನಾಲ್ಕು ಪ್ರಶ್ನೆಗಳನ್ನು ವಿಭಾಗಿಸಿ ಬರೆದೆ: ವೇಗ, ಬಾಡಿಗೆ, ರೂಟರ್ ಡಬ್ಬದ ಠೇವಣಿ, ಮಳೆಗಾಲ, ಇತರೆ. ಭುಜದ ಮೇಲಿಂದ ಇಣುಕಿದ ನನ್ನಾಕೆ, "ನನ್ನ ನೋಡೋಕೆ ಬಂದಾಗ ಎರಡೇ ಪ್ರಶ್ನೆ ಕೇಳಿದ್ರಿ. ಒಂದು ವೈರಿಗೆ ಹದಿನಾಲ್ಕಾ?" ಎಂದಳು.

"ಆ ಎರಡಕ್ಕೂ ನಿಮ್ಮ ತಂದೆಯವರೇ ಉತ್ತರ ಹೇಳಿಬಿಟ್ಟರು. ಮೂರನೆಯದನ್ನು ಯಾರನ್ನು ಕೇಳಲಿ?"

"ಇದ್ರಲ್ಲೂ ಹಂಗೇ ಆಗುತ್ತೆ ನೋಡಿ," ಎಂದು ಒಳಗೆ ಹೋದಳು.

ಕಣದಲ್ಲಿ ಇಬ್ಬರಿದ್ದರು. ಒಂದು, ದೇಶಾದ್ಯಂತ ಹಬ್ಬಿದ ದೊಡ್ಡ ಕಂಪನಿ. ಇನ್ನೊಂದು, ನಮ್ಮ ಬಡಾವಣೆಯ ಕೇಬಲ್ ಟೀವಿಯವರು; ಅವರು ಈಚೆಗೆ ಫೈಬರ್ ಎಳೆದು ಇಂಟರ್ನೆಟ್ಟನ್ನೂ ಕೊಡುತ್ತಿದ್ದರು. ಈ ಎರಡನೆಯವರನ್ನು ನಾನು ಪ್ರಶ್ನಾವಳಿಯನ್ನು ತೆರೆಯುವ ಮೊದಲೇ ಅನುತ್ತೀರ್ಣಗೊಳಿಸಿದೆ. ಕಾರಣ, ದಿನಪತ್ರಿಕೆಯೊಳಗೆ ಮಡಚಿ ಬಂದ ಅವರ ಕರಪತ್ರ. ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಹೀಗೆ ಅಚ್ಚಾಗಿತ್ತು: "ಕಡಿಮೆ ದರದಲ್ಲಿ ಅತಿ ವೇಗದ ಅಂತರ್ಜಲ, ನಿಮ್ಮ ಮನೆ ಬಾಗಿಲಿಗೆ."

ಅಂತರ್ಜಾಲಕ್ಕೂ ಅಂತರ್ಜಲಕ್ಕೂ ಇರುವ ಅಂತರ ಒಂದು ದೀರ್ಘ. ಕೊಳವೆಬಾವಿಗಳ ಕಡೂರು ತಾಲ್ಲೂಕಿನಲ್ಲಿ ಆ ದೀರ್ಘವನ್ನು ಮರೆಯುವುದು ಸಣ್ಣ ತಪ್ಪಲ್ಲ. ಕೆಂಪು ಪೆನ್ನಿನಿಂದ ತಿದ್ದಿ, ಪಕ್ಕದಲ್ಲಿ ಸೊನ್ನೆ ಬರೆದು, ದೊಡ್ಡ ಕಂಪನಿಗೆ ಅರ್ಜಿ ಹಾಕಿದೆ. ಅವರ ಜಾಹೀರಾತಿನಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಬಾಡಿಗೆಯೂ ಕಡಿಮೆ.

ಡಿಸೆಂಬರ್ ಪೂರ್ತಿ ಸೊಗಸಾಗಿ ನಡೆಯಿತು. ಜನವರಿಯಲ್ಲಿ ಹೊಲಗಳಿಂದ ರಾಗಿಹುಲ್ಲು ಮನೆ ಸೇರುವ ಕಾಲ. ಒಂದು ಮಧ್ಯಾಹ್ನ ಹುಲ್ಲನ್ನು ಮನೆಯೆತ್ತರಕ್ಕೆ ಹೇರಿಕೊಂಡು ಬಂದ ಟ್ರ್ಯಾಕ್ಟರೊಂದು ನಮ್ಮ ಬೀದಿಯ ತಂತಿಗಳನ್ನೆಲ್ಲ ಕೊರಳಿಗೆ ಸುತ್ತಿಕೊಂಡು ಮುಂದೆ ಸಾಗಿತು. ಡಬ್ಬದಲ್ಲಿ ಹಸಿರು ದೀಪ ಆರಿ ಕೆಂಪು ದೀಪ ಮಿನುಗತೊಡಗಿತು.

ಕಂಪನಿಗೆ ಕರೆ ಮಾಡಿದೆ. ಧ್ವನಿಮುದ್ರಿತ ಕಂಠವೊಂದು ಒಂದನ್ನು ಒತ್ತಿರಿ, ನಾಲ್ಕನ್ನು ಒತ್ತಿರಿ ಎಂದಿತು, ಒತ್ತಿದೆ. ಸಂಜೆ ಸಂದೇಶ ಬಂತು: "ನಿಮ್ಮ ದೂರನ್ನು ಪರಿಹರಿಸಲಾಗಿದೆ." ಕೆಂಪು ದೀಪ ಮಿನುಗುತ್ತಲೇ ಇತ್ತು. ಮತ್ತೆ ದೂರಿದೆ. ಮರುದಿನವೂ ಪರಿಹರಿಸಲಾಗಿದೆ. ಮೂರನೆಯ ದಿನವೂ ಪರಿಹರಿಸಲಾಗಿದೆ. ತಂತಿ ಮಾತ್ರ ಚರಂಡಿಯ ಪಕ್ಕದಲ್ಲಿ ಬಿದ್ದೇ ಇತ್ತು.

ಮೊದಲ ಸಂಜೆ ತರಗತಿ ನಡೆಯಲಿಲ್ಲ. ಎರಡನೆಯ ಸಂಜೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದುರುಮನೆಗೆ ಹೋದೆ. ಅಲ್ಲಿನ ಹಿರಿಯ ಗೃಹಿಣಿ ಕೇಬಲ್‌ನವರ ಸಂಪರ್ಕವನ್ನೇ ಹಾಕಿಸಿಕೊಂಡಿದ್ದರು. ಅವರ ತಂತಿಯೂ ಅದೇ ಟ್ರ್ಯಾಕ್ಟರಿಗೆ ಬಲಿಯಾಗಿತ್ತು. ಆದರೆ ಅವರ ಮನೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು.

"ನಿಮ್ಮದು ಯಾವಾಗ ಸರಿಯಾಯಿತು?" ಎಂದು ಕೇಳಿದೆ.

"ಅವತ್ತೇ ಆಯ್ತು ಕಣಪ್ಪ ಮೇಷ್ಟ್ರೇ. ಟ್ಯಾಕ್ಟ್ರು ಆ ತಿರುವು ದಾಟಿರ್ಲಿಲ್ಲ, ಕೇಬಲ್‌ನೋನು ಏಣಿ ಹೊತ್ಕೊಂಡ್ ಬಂದ. ನೀನು ಬಾ, ಕೂತ್ಕೊ. ಆರೂವರೆಗೆ ನನ್ನ ಸೀರಿಯಲ್ಲು ಬತ್ತದೆ, ಅದಕ್ಕೆ ಮಾತ್ರ ಅಡ್ಡ ಬರ್ಬೇಡ."

ನಾನು ಅಡ್ಡ ಬರಲಿಲ್ಲ. ಸೀರಿಯಲ್ಲು ನನಗೆ ಅಡ್ಡ ಬಂತು. ನಾನು ವಿಭಕ್ತಿ ಪ್ರತ್ಯಯಗಳನ್ನು ಹೇಳುವಾಗ ಹಿನ್ನೆಲೆಯಲ್ಲಿ ಅತ್ತೆಯೊಬ್ಬಳು ಸೊಸೆಯನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದಳು. ಲಕ್ಕವಳ್ಳಿಯ ಅಭ್ಯರ್ಥಿಯೊಬ್ಬ ವಿನಯದಿಂದ ಕೇಳಿದ: "ಸಾರ್, ಆ ಅತ್ತೆ ಹೇಳ್ತಿರೋದೂ ಸಿಲೆಬಸ್ಸಿಗೆ ಬರುತ್ತಾ?"

ಆ ವಾರದ ಕೊನೆಗೆ ತರೀಕೆರೆಯಿಂದ ಎರಡನೆಯ ಕರೆ ಬಂತು. ಫೆಬ್ರವರಿ ಎರಡನೆಯ ವಾರ ಮುಖ್ಯಸ್ಥೆ ತಾವೇ ತರಗತಿಯಲ್ಲಿ ಕುಳಿತು ನೋಡುವರು; ಅಂದೂ ಹೀಗೆಯೇ ಆದರೆ, ಈ ಬ್ಯಾಚು ತಮಗೆ ಬೇಕೆಂದು ಕೇಳುತ್ತಿರುವವರು ಇನ್ನೊಬ್ಬರಿದ್ದಾರೆ. ಆಕೆ ಕಟುವಾಗಿ ಹೇಳಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಮರುದಿನ ಬೆಳಿಗ್ಗೆ, ಸೊನ್ನೆ ಕೊಟ್ಟಿದ್ದ ಕರಪತ್ರವನ್ನು ಹಿಡಿದು ಕೇಬಲ್‌ನವರ ಅಂಗಡಿಗೆ ಹೋದೆ. ಮಾಲೀಕರು ನನ್ನದೇ ವಯಸ್ಸಿನವರು, ಮೂಲತಃ ಪಂಚನಹಳ್ಳಿಯ ಕಡೆಯವರು. ಕರಪತ್ರದ ಕೆಂಪು ಗುರುತನ್ನು ನೋಡಿ ನಕ್ಕರು.

"ನೀವೊಬ್ರೇ ಅಲ್ಲ ಬಿಡಿ ಸಾರ್. ನಮ್ಮೂರ್ ಕಡೆಯಿಂದ್ಲೇ ಮೂರು ಜನ ಫೋನ್ ಮಾಡಿದ್ರು, ಎಷ್ಟು ಅಡಿಗೆ ನೀರು ಬತ್ತದೆ ಅಂತ."

"ಏನು ಹೇಳಿದಿರಿ?"

"ನಮ್ದು ಕಂಬದಿಂದ ಬತ್ತದೆ, ನೆಲದಿಂದ ಅಲ್ಲ ಅಂದೆ. ಒಬ್ಬ ಅಷ್ಟಕ್ಕೇ ಕನೆಕ್ಷನ್ ತಗೊಂಡ."

ನಾನು ನೋಟ್‌ಬುಕ್ ತೆರೆದೆ. ಹದಿನಾಲ್ಕು ಪ್ರಶ್ನೆಗಳನ್ನು ಕೇಳುವ ಉತ್ಸಾಹ ಉಳಿದಿರಲಿಲ್ಲ. ಒಂದನ್ನೇ ಕೇಳಿದೆ: "ಲೈನು ಹೋದರೆ ಯಾರು ಬರುತ್ತಾರೆ?"

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾರು ಬತ್ತಾರೆ ಅಂದ್ರೆ? ನಾನೇ ಬತ್ತೀನಿ."

ವ್ಯಾಕರಣದ ಮೇಷ್ಟ್ರಾಗಿ ನಾಚಿಕೆಪಡಬೇಕಾದ ಕ್ಷಣ ಅದು. "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಎಂಬ ವಾಕ್ಯದಲ್ಲಿ ಕರ್ಮಪದವಿದೆ, ಕ್ರಿಯಾಪದವಿದೆ, ಕಾಗುಣಿತ ನಿರ್ದುಷ್ಟವಾಗಿದೆ, ಕರ್ತೃಪದವಿಲ್ಲ. ಪರಿಹರಿಸಿದವರು ಯಾರು? ಆ ವಾಕ್ಯವನ್ನು ಮೂರು ದಿನ ಓದಿದ ನಾನು ಈ ಒಂದು ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಎಂಟನೆಯ ತರಗತಿಯ ಮಕ್ಕಳಿಗಾದರೂ ಮೊದಲು ಕರ್ತೃವನ್ನು ಹುಡುಕಿ ಎಂದೇ ಹೇಳುತ್ತಿದ್ದೆ. "ನಾನೇ ಬತ್ತೀನಿ" ಎಂಬುದರಲ್ಲಿ ಗ್ರಾಂಥಿಕ ರೂಪವಿಲ್ಲ, ನಿಜ. ಆದರೆ ಕರ್ತೃವಿದ್ದಾನೆ, ಅವನ ಮೇಲೆ ‘ಏ’ ಎಂಬ ಅವಧಾರಣೆಯೂ ಇದೆ, ಮೂಲೆಯಲ್ಲಿ ಏಣಿಯೂ ಇದೆ.

ಬಾಡಿಗೆ ದೊಡ್ಡ ಕಂಪನಿಯದಕ್ಕಿಂತ ತಿಂಗಳಿಗೆ ಐವತ್ತು ರೂಪಾಯಿ ಹೆಚ್ಚು. "ಕರೆಂಟ್ ಹೋದ್ರೆ ಮಾತ್ರ ನನ್ನ ಕೈಲಿ ಏನೂ ಆಗಲ್ಲ ಸಾರ್. ಡಬ್ಬಕ್ಕೆ ಒಂದು ಪುಟ್ಟ ಬ್ಯಾಟ್ರಿ ಇಟ್ಕೊಳ್ಳಿ," ಎಂದು, ತಮ್ಮ ಕೈಲಾಗದ್ದನ್ನೂ ಅವರು ಮೊದಲೇ ಹೇಳಿದರು. ಆ ಮಾತು ನನಗೆ ಐವತ್ತು ರೂಪಾಯಿಗೂ ಹೆಚ್ಚು ಬೆಲೆಬಾಳಿತು. ಕೂಡಲೇ ಸಂಪರ್ಕ ಹಾಕಿಸಿಕೊಂಡೆ.

ಮುಖ್ಯಸ್ಥೆ ಬಂದು ಕುಳಿತ ಸಂಜೆ ಸಮಾಸಪ್ರಕರಣವನ್ನು ಆರಿಸಿಕೊಂಡಿದ್ದೆ. ತತ್ಪುರುಷ ಮುಗಿದು ಕರ್ಮಧಾರಯಕ್ಕೆ ಕಾಲಿಟ್ಟೆನೋ ಇಲ್ಲವೋ, ಕೆಂಪು ದೀಪ ಮಿನುಗಿತು. ಪರದೆಯಲ್ಲಿ ಮುಖ್ಯಸ್ಥೆಯ ಮುಖ ಹುಬ್ಬೇರಿಸಿದ ಭಂಗಿಯಲ್ಲೇ ನಿಂತುಹೋಯಿತು. ಕೇಬಲ್‌ನವರಿಗೆ ಕರೆ ಮಾಡಿದರೆ ಎತ್ತಲಿಲ್ಲ. ಐದಾರು ನಿಮಿಷ ಬಿಡದೆ ಮಾಡಿದೆ, ಎತ್ತಲಿಲ್ಲ. ನೆಟ್ಟಗೆ ಹೋಗಿ ಕಿಟಕಿ ತೆರೆದೆ.

ಅವರು ಆಗಲೇ ನಮ್ಮ ಮನೆಯ ಮುಂದಿನ ಕಂಬಕ್ಕೆ ಏಣಿ ಒರಗಿಸಿ ಮೇಲೇರಿದ್ದರು. ಎದುರುಮನೆಯ ಸೀರಿಯಲ್ಲು ನಿಂತ ಕ್ಷಣದಲ್ಲೇ ಅಲ್ಲಿಂದ ಅವರಿಗೆ ಕರೆ ಹೋಗಿತ್ತಂತೆ. ಗಾಳಿಗೆ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದು ಕಂಬದ ಮೇಲಿನ ಜೋಡಣೆ ಕಳಚಿತ್ತು. ಅವರ ಎರಡು ಕೈಗಳೂ ಕೆಲಸದಲ್ಲಿದ್ದವು. ಫೋನು ಜೇಬಿನಲ್ಲಿ ಗುನುಗುತ್ತಿತ್ತು.

"ಫೋನ್ ಮಾಡ್ಬೇಡಿ ಸಾರ್, ತೊಡೆಗೆ ಕಚಗುಳಿ ಇಡ್ತದೆ. ದೀಪ ನೋಡಿ," ಎಂದರು ಮೇಲಿನಿಂದ.

ನಾನು ದೀಪ ನೋಡುತ್ತ ನಿಂತೆ. ಹಸಿರಾಯಿತು. ಓಡಿ ಬಂದು ತರಗತಿಗೆ ಮತ್ತೆ ಸೇರಿಕೊಂಡೆ. ಹನ್ನೆರಡು ನಿಮಿಷ ಕಳೆದಿತ್ತು. ಮೂವತ್ತೊಂದು ಹೆಸರುಗಳೂ ಹಾಗೆಯೇ ಇದ್ದವು, ಮುಖ್ಯಸ್ಥೆಯದೂ ಸೇರಿ ಮೂವತ್ತೆರಡು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯಾಚೆಯಿಂದ ಕೂಗು ಬಂತು: "ಸಾರ್, ಬಂತಾ?"

ಮೈಕು ತೆರೆದೇ ಇತ್ತು. ಯಗಟಿ, ಲಕ್ಕವಳ್ಳಿ, ಎಲ್ಲ ಕಡೆಯಿಂದಲೂ ಒಟ್ಟಿಗೆ ಉತ್ತರ ಬಂತು: "ಬಂತು."

"ಯಾರ್ ಸರ್ ಅದು?" ಎಂದು ಮುಖ್ಯಸ್ಥೆ ಕೇಳಿದರು.

"ಲೈನು ಸರಿಮಾಡಿದವರು," ಎಂದೆ.

"ಕಂಬದ ಮೇಲೆ ಇದ್ದಾರಾ?"

"ಇನ್ನೂ ಇಳಿದಿಲ್ಲ."

ಆಕೆ, "ಸರಿ, ಕರ್ಮಧಾರಯ ಮುಂದುವರಿಸಿ," ಎಂದರು. ಕಳೆದುಹೋದ ಹನ್ನೆರಡು ನಿಮಿಷಗಳನ್ನು ಕೊನೆಯಲ್ಲಿ ಸೇರಿಸಿ ಏಳು ನಲವತ್ತೆರಡಕ್ಕೆ ಪಾಠ ಮುಗಿಸಿದೆ. ಎಲ್ಲರೂ ಹೊರಟ ಮೇಲೆ ಆಕೆಯೊಬ್ಬರೇ ಪರದೆಯಲ್ಲಿ ಉಳಿದರು. ಪರೀಕ್ಷೆಯವರೆಗೆ ಈ ಬ್ಯಾಚು ನನ್ನದೇ ಎಂದರು. ಬೇಸಿಗೆಯಲ್ಲಿ ಶುರುವಾಗುವ ಮುಂದಿನದನ್ನೂ ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಆಗಬಹುದು ಎಂದೆ. ಅಂದು 2024ನೆಯ ಇಸವಿ ಫೆಬ್ರವರಿ 12, ಸೋಮವಾರ.