ಇಸ್ತ್ರಿ ಮೇಜಿನ ಕಾಲಿನ ಗೆರೆಗಳು

ನನ್ನ ಅಕ್ಕ ಇಸ್ತ್ರಿ ಅಂಗಡಿಯವಳು. ಪಕ್ಕದ ಪಂಕ್ಚರ್ ಅಂಗಡಿ ನನ್ನದು. ನಡುವೆ ಒಂದೇ ಒಂದು ತಗಡಿನ ಗೋಡೆ. ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಬೀದಿಯವರು ಹೇಳುತ್ತಾರೆ, ಹೇಳಿಕೊಳ್ಳಲಿ. ನಾನೀಗ ಬರೆಯಹೊರಟಿದ್ದು ಅಕ್ಕನ ವಿಷಯ.

ಭಾವ ಸರಕು ಹಡಗಿನಲ್ಲಿ ಅಡುಗೆಯವರು. ಹೋದರೆ ಹತ್ತು ತಿಂಗಳು, ಬಂದರೆ ಎರಡು. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ಜೊತೆಗಿದ್ದ ದಿನಗಳನ್ನು ಒಟ್ಟು ಮಾಡಿದರೆ ನಾಲ್ಕು ವರ್ಷವೂ ಆಗಲಿಕ್ಕಿಲ್ಲ. ಮಗಳು ಹುಟ್ಟಿದಾಗ ಅವರು ನೀರಿನ ಮೇಲಿದ್ದರು. ಆ ಸಲ ಕಂಪನಿಯವರು ಒಂದು ಹಡಗಿನಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸಿ ಎರಡೂವರೆ ವರ್ಷ ಬಿಡಲೇ ಇಲ್ಲ. ಕೊನೆಗೆ ಬಂದು ಬಾಗಿಲಲ್ಲಿ ಕೈ ಚಾಚಿ ನಿಂತರೆ, ಮಗು ಅಕ್ಕನ ಕಾಲು ತಬ್ಬಿಕೊಂಡು, "ಈ ಮಾಮ ಯಾವಾಗ ಹೋಗ್ತಾರೆ?" ಅಂದಿತು. ನಾನು ಅಲ್ಲೇ ಇದ್ದೆ. ಭಾವ ನಕ್ಕರು. ಅಕ್ಕ ಮಾತ್ರ ಆ ಮಾತನ್ನು ಇವತ್ತಿಗೂ ಮರೆತಿಲ್ಲ. ಆ ಮಗಳಿಗೀಗ ಮದುವೆಯೂ ಆಗಿದೆ.

ಈ ಸಲ ಹೊರಡುವ ಹಿಂದಿನ ದಿನ ಭಾವ ಚರಂಡಿ ಪಕ್ಕದಿಂದ ಒಂದು ನಾಯಿಮರಿ ಎತ್ತಿಕೊಂಡು ಬಂದರು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಬಟಾಣಿ ಎಂದು ಅವರೇ ಹೆಸರಿಟ್ಟರು. ಅಕ್ಕನ ಮಡಿಲಿಗೆ ಹಾಕಿ, "ನಾನು ಬರೋ ಹೊತ್ತಿಗೆ ಇದೂ ನನ್ನ ಮರೆತು ಕತ್ತೆ ಹಾಗೆ ಬೆಳೆದಿರುತ್ತೆ ಬಿಡು" ಅಂದರು. ತಮಾಷೆಗೆ ಅಂದ ಮಾತು.

ಮೂರು ತಿಂಗಳು ಕಳೆಯಿತು. ಬಟಾಣಿ ಬಟಾಣಿಯಾಗಿಯೇ ಉಳಿಯಿತು. ಹೊಟ್ಟೆ ಮಾತ್ರ ಉಬ್ಬಿದೆ, ಮುಂಗಾಲು ಬಿಲ್ಲಿನಂತೆ ಬಾಗಿದೆ. ಒಂದು ದಿನ ಮೆಟ್ಟಿಲು ಹತ್ತಲಾರದೆ ನನ್ನ ಟಯರಿನ ಮೇಲೆ ಬಿತ್ತು. ಸರಸರ ಅಕ್ಕನ ಅಂಗಡಿಗೆ ನುಗ್ಗಿದೆ. ಬಟ್ಟಲಲ್ಲಿ ಹಾಲಿಗೆ ನೆನೆಸಿದ ಬ್ರೆಡ್ಡು. ಮೊದಲ ದಿನ ಕೊಟ್ಟದ್ದೂ ಅದನ್ನೇ, ಅದೇ ಬಟ್ಟಲಲ್ಲಿ.

"ಏನಕ್ಕಾ ಇದು? ಇನ್ನೂ ತೊಟ್ಟಿಲ ಕೂಸಿನ ಊಟ ಹಾಕ್ತಿದ್ದೀಯಾ?"

"ಅದಕ್ಕೆ ಇದೇ ಇಷ್ಟ ಕಣೋ."

"ನಂಗೂ ಮೂರು ಹೊತ್ತು ಮಿಠಾಯಿ ಇಷ್ಟ! ಹಾಕ್ತೀಯಾ?"

"ನಿನಗೆ ಹಾಕಿದ್ರೂ ಬಾಯಿ ಸಿಹಿಯಾಗಲ್ಲ" ಅಂದಳು, ತಲೆ ಎತ್ತದೆ.

ಮರಿಯನ್ನು ಎತ್ತಿಕೊಂಡು ದನದ ಡಾಕ್ಟರ ಹತ್ತಿರ ನಡೆದೆ. ಅಕ್ಕ ಇಸ್ತ್ರಿ ಪೆಟ್ಟಿಗೆ ಇಳಿಸಿ ಹಿಂದೆಯೇ ಬಂದಳು. ಡಾಕ್ಟರು ಕಾಲು ಒತ್ತಿ ನೋಡಿದರು, ಏನು ಹಾಕುತ್ತೀರಿ ಎಂದು ಕೇಳಿ ತಿಳಿದುಕೊಂಡರು.

"ಏನಮ್ಮಾ, ಬರೀ ಹಾಲು-ಬ್ರೆಡ್ಡಿಂದ ಹೊಟ್ಟೆ ತುಂಬುತ್ತೆ, ಮೂಳೆ ತುಂಬುತ್ತಾ? ನಾಲ್ಕು ತಿಂಗಳ ಮರಿ ಇದು. ಬೇಯಿಸಿದ ಮಾಂಸ, ಮೊಟ್ಟೆ, ಸ್ವಲ್ಪ ಅನ್ನ, ದಿನಕ್ಕೆ ಮೂರು ಸಲ. ನಾನು ಕೊಡೋ ಔಷಧಿನೂ ಹಾಕಿ. ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ರೆ ಕಾಲು ನೆಟ್ಟಗೆ ಆಗ್ತಾನೇ ಇರಲಿಲ್ಲ."

ಹೊರಗೆ ಬಂದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. ಬಡತನವಾ, ಮರೆವಾ, ಏನು ಬಂದಿತ್ತು ನಿನಗೆ ಎಂದೆ. ಅಕ್ಕ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟಳು.

"ಬೆಳೆದುಬಿಟ್ರೆ ಅವರು ಏನನ್ನ ನೋಡ್ತಾರೋ? ಮಗಳ ಹಲ್ಲು ನೋಡ್ಲಿಲ್ಲ, ನಡಿಗೆ ನೋಡ್ಲಿಲ್ಲ. ಇದೊಂದಾದ್ರೂ ಅವರು ಬಿಟ್ಟುಹೋದಂಗೇ ಸಿಗಲಿ ಅಂತ... ಬರೀ ಬ್ರೆಡ್ಡು, ಅದೂ ಸ್ವಲ್ಪ ಕಮ್ಮಿ ಹಾಕ್ತಿದ್ದೆ. ಸಾಯಲಿ ಅಂತ ಅಲ್ಲ ಕಣೋ."

ಮರಿಯನ್ನು ಅವಳ ಮಡಿಲಿಗೆ ಹಾಕಿ, ಮೊಟ್ಟೆ ತರಲು ಅಂಗಡಿಗೆ ನಡೆದೆ.

ಅವತ್ತಿನಿಂದ ಅಕ್ಕನ ಸೀಮೆಎಣ್ಣೆ ಒಲೆಯ ಮೇಲೆ ಮೂರು ಹೊತ್ತೂ ಮೊಟ್ಟೆಯೋ ಮಾಂಸವೋ ಬೇಯುತ್ತಿತ್ತು. ತಾನು ತಿನ್ನುವ ಮೊದಲು ಅದಕ್ಕೆ ಹಾಕುತ್ತಿದ್ದಳು. ಎರಡು ವಾರಕ್ಕೆ ಬಟಾಣಿ ಮೆಟ್ಟಿಲು ಹತ್ತಿತು. ಮೂರನೇ ವಾರ ನನ್ನ ಚಪ್ಪಲಿ ಕಡಿದುಹಾಕಿತು. ಬೈದೆ, ಆದರೆ ಮನಸ್ಸಿನಿಂದಲ್ಲ.

ಭಾನುವಾರ ಭಾವನ ಫೋನು ಬಂತು. ಎಂದಿನಂತೆ ಕೇಳಿದರು: "ಬಟಾಣಿ ಇನ್ನೂ ಅಂಗೈಯಲ್ಲಿ ಹಿಡಿಸುತ್ತಾ?"

ಅಷ್ಟು ದಿನ ಹಿಡಿಸುತ್ತೆ ಅನ್ನುತ್ತಿದ್ದವಳು ಅವತ್ತು, "ಇಲ್ಲ ರೀ. ಎರಡು ಕೈಗೂ ಹಿಡಿಸಲ್ಲ. ನಿಮಗೋಸ್ಕರ ಕಾಯೋಕೆ ಅದಕ್ಕೆ ಬರಲ್ಲ" ಅಂದಳು. ಆ ಕಡೆಯಿಂದ ಭಾವ ಅಂದರು: "ಹಾಗಾದ್ರೆ ಗೆರೆ ಎಳೆದಿಡು. ಎಷ್ಟೆಷ್ಟು ಬೆಳೀತು ಅಂತ ಬಂದು ನೋಡ್ತೀನಿ. ಯಾವತ್ತು ನನ್ನ ಮೊಣಕಾಲಿಗೆ ಬರುತ್ತೋ ನೋಡೋಣ."

ಅಕ್ಕ ಇದ್ದಲು ತೆಗೆದುಕೊಂಡು ಇಸ್ತ್ರಿ ಮೇಜಿನ ಕಾಲಿನ ಮೇಲೆ ಬಟಾಣಿಯ ಬೆನ್ನಿನೆತ್ತರಕ್ಕೆ ಒಂದು ಗೆರೆ ಎಳೆದಳು. ಆಮೇಲೆ ಬಹಳ ಮೇಲೆ ಇನ್ನೊಂದು. ಅದು ಭಾವನ ಮೊಣಕಾಲು. ಟೇಪು ಹಿಡಿಯಲಿಲ್ಲ, ಯೋಚಿಸಲೂ ಇಲ್ಲ. ಸುಮ್ಮನೆ ಎಳೆದಳು. ನನಗೆ ನಂಬಿಕೆಯಾಗದೆ, ಅವಳು ಗಿರಾಕಿಯ ಮನೆಗೆ ಹೋದಾಗ ಟ್ರಂಕಿನಿಂದ ಭಾವನ ಹಳೆಯ ಪ್ಯಾಂಟು ತೆಗೆದು ಮೇಜಿನ ಕಾಲಿಗೆ ಹಿಡಿದು ನೋಡಿದೆ. ಮೊಣಕಾಲು ಸವೆದ ಜಾಗ ಸರಿಯಾಗಿ ಗೆರೆಯ ಮೇಲೇ ಕೂತಿತು.

ಈಗ ಐದು ಗೆರೆಗಳಾಗಿವೆ. ಮೊಣಕಾಲಿಗೆ ಇನ್ನೂ ನಾಲ್ಕು ಬೆರಳು ಬಾಕಿ, ಭಾವ ಬರಲು ನಾಲ್ಕು ತಿಂಗಳು. ಬಟಾಣಿ ಬಟ್ಟಲು ನೆಕ್ಕುವಾಗ ಅಕ್ಕ ಅದನ್ನು ನೋಡುವುದಿಲ್ಲ. ಕೈಯಲ್ಲಿ ಬಿಸಿ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ಆ ಮೇಲಿನ ಗೆರೆಯನ್ನೇ ನೋಡುತ್ತಿರುತ್ತಾಳೆ. "ಅಕ್ಕಾ, ಬಟ್ಟೆ ಸುಡುತ್ತೆ!" ಎಂದು ನಾನು ಗೋಡೆಯಾಚೆಯಿಂದ ಕೂಗಬೇಕು.