ಲಿಫ್ಟಕ್ಕನ ಹಗ್ಗ

ಊರಿನ ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟು ನಿಂತರೆ ಜನ ಮೊದಲು ನೆನೆಯುತ್ತಿದ್ದುದು ಅವಳನ್ನೇ. ಹಾಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆಗೆ ಬಿದ್ದು, ಅವಳು ಎಲ್ಲರ ಬಾಯಲ್ಲೂ ಲಿಫ್ಟಕ್ಕ ಆಗಿಬಿಟ್ಟಿದ್ದಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ಮುಂಗೈಯಲ್ಲಿ ಗ್ರೀಸಿನ ಕಲೆ, ಸೊಂಟದಲ್ಲಿ ಸ್ಪಾನರುಗಳ ಚೀಲ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಬೆವರುತ್ತಿರುವವರನ್ನು ಬಾಗಿಲಿನ ಸಂದಿಯಿಂದಲೇ, "ಏನೂ ಆಗಲ್ಲ, ಕೂತ್ಕೊಳ್ಳಿ. ಮನೇಲಿ ಇವತ್ತು ಏನಡಿಗೆ?" ಎಂದು ಕೇಳುವಳು. ಅವರು ಯೋಚಿಸಿ ಉತ್ತರ ಹೇಳುವಷ್ಟರಲ್ಲಿ ಬಾಗಿಲು ತೆರೆದಿರುತ್ತಿತ್ತು.

ವಾರವಿಡೀ ಯಂತ್ರಗಳ ಜೊತೆ ಗುದ್ದಾಡಿದ ಮೇಲೆ ರಜೆ ಸಿಕ್ಕಿತೆಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ತಳಕ್ಕೆ ಇಳಿಯುವುದು ಅವಳ ಹುಚ್ಚು. ಅದಕ್ಕೆಂದೇ ಊರಿನ ಸ್ಕೂಬಾ ಕ್ಲಬ್ಬಿಗೆ ಸೇರಿದ್ದಳು. ಮನೆಯಲ್ಲಿ ಜೊತೆಗಿದ್ದ ಅತ್ತೆಗೆ ಇದು ತಲೆಗೇ ಹತ್ತುತ್ತಿರಲಿಲ್ಲ. "ಮೇಲೆ ಗಾಳಿ ಪುಕ್ಕಟೆ ಸಿಗ್ತಾ ಇರುವಾಗ ಅದನ್ನ ಡಬ್ಬೀಲಿ ತುಂಬ್ಕೊಂಡು ನೀರೊಳಗೆ ಹೋಗಿ ಕುಡಿಯೋದ್ಯಾಕೆ?" ಎಂದು ಆ ಮುದುಕಿ ಸೊಸೆಯನ್ನೂ ಕೇಳಿದ್ದಳು, ಪಕ್ಕದ ಮನೆಯವರನ್ನೂ ಕೇಳಿದ್ದಳು.

ಸಮುದ್ರ ಆ ಊರಿನಿಂದ ಬಲು ದೂರ. ಕ್ಲಬ್ಬಿನವರಿಗೆ ಇದ್ದದ್ದು ಬೆಟ್ಟಗಳ ಆಚೆಗಿನ ಒಂದು ಹಳೆಯ ಕಲ್ಲುಗಣಿ. ಗಣಿ ಮುಚ್ಚಿದ ಮೇಲೆ ಅದರಲ್ಲಿ ಸಿಹಿನೀರು ತುಂಬಿ ಆಳವಾದ ಕೆರೆಯಾಗಿತ್ತು. ದೋಣಿ ಗೀಣಿ ಇಲ್ಲ. ಸಾಮಾನೆಲ್ಲ ಹೊತ್ತುಕೊಂಡು ದಡದ ಕಲ್ಲಿನ ಇಳಿಜಾರಿನಲ್ಲಿ ನಡೆದೇ ಇಳಿಯಬೇಕು. ವರ್ಷಕ್ಕೊಮ್ಮೆ ಶನಿವಾರ ಭಾನುವಾರ ಎಲ್ಲರೂ ಅಲ್ಲಿಗೆ ಹೋಗುವುದು ರೂಢಿ. ಹಿಂದಿನ ವರ್ಷ ಮಾತ್ರ ಸಿಲಿಂಡರ್ ತುಂಬಿಸುವವನಿಗೆ ಹೇಳುವುದನ್ನೇ ಮರೆತು, ಎರಡನೇ ದಿನವೆಲ್ಲ ದಡದಲ್ಲಿ ಕೂತು ಇಸ್ಪೀಟಾಡಿ ವಾಪಸಾಗಿದ್ದರು. ಅದಕ್ಕೇ ಕ್ಲಬ್ಬಿನ ಅಧ್ಯಕ್ಷರಾದ ಔಷಧಿ ಅಂಗಡಿಯವರು ಈ ಸಲ ಜವಾಬ್ದಾರಿಯನ್ನು ಲಿಫ್ಟಕ್ಕನ ಹೆಗಲಿಗೆ ಹಾಕಿದರು.

"ಮಾಡ್ತೀನಿ. ಆದ್ರೆ ಮೇಷ್ಟ್ರು ಬರಬೇಕು," ಅಂದಳು ಅವಳು.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಸಿಟಿ ಬಸ್ಸಿನ ಡ್ರೈವರು. ಆದರೆ ಕ್ಲಬ್ಬಿನ ಅರ್ಧ ಜನಕ್ಕೆ ನೀರೊಳಗೆ ಉಸಿರಾಡುವುದನ್ನು ಕಲಿಸಿದವರು ಅವರೇ. ಲಿಫ್ಟಕ್ಕ ಮೊದಲ ದಿನ ಈಜುಕೊಳದಲ್ಲಿ ಮುಖವಾಡಕ್ಕೆ ನೀರು ನುಗ್ಗಿ ಕೈಕಾಲು ಬಡಿದಾಗ, ಎದುರಿಗೆ ಮಂಡಿಯೂರಿ ಕೂತು, ಅವಳ ಉಸಿರು ತಹಬಂದಿಗೆ ಬರುವತನಕ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದವರು. ಕಟ್ಟಡಗಳಲ್ಲಿ ಸಿಕ್ಕಿಬಿದ್ದವರ ಜೊತೆ ಸಮಾಧಾನದಿಂದ ಮಾತಾಡುವುದನ್ನು ತಾನು ಕಲಿತದ್ದೇ ಅಲ್ಲಿ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಆಮೇಲೆ ಬಸ್ಸಿನ ಅಪಘಾತದಲ್ಲಿ ಅವರ ಮೊಣಕಾಲು ಪುಡಿಯಾಯಿತು. ವೈದ್ಯರು ಮೂಳೆಗಳನ್ನು ಕೂಡಿಸಿದರು. ಕಾಲು ಉಳಿಯಿತು, ಮಡಚುವುದು ಮಾತ್ರ ನಿಂತಿತು. ಎದೆ ಗಟ್ಟಿ, ಶ್ವಾಸಕೋಶ ಗಟ್ಟಿ, ನೀರಿಗಿಳಿಯಲು ಅಡ್ಡಿಯಿಲ್ಲ ಎಂದು ವೈದ್ಯರೇ ಹೇಳಿದ್ದರು. ಆದರೆ ನೀರು ಮುಟ್ಟಬೇಕಾದರೆ ಆ ಕಲ್ಲಿನ ಇಳಿಜಾರು ದಾಟಬೇಕಲ್ಲ. ಮೇಷ್ಟ್ರು ಕ್ಲಬ್ಬಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು.

ಲಿಫ್ಟಕ್ಕನಿಗೆ ಇದು ತನ್ನ ಕಸುಬಿನ ಕೆಲಸವಾಗಿಯೇ ಕಂಡಿತು. ಒಂದು ತೂಕವನ್ನು ಮೇಲಿನಿಂದ ಕೆಳಗೆ ಇಳಿಸಬೇಕು, ಮತ್ತೆ ಮೇಲಕ್ಕೆ ತರಬೇಕು, ಅಷ್ಟೇ ತಾನೆ. ಕಂಬಿಗಳ ಮೇಲೆ ಜಾರುವ ಕುರ್ಚಿ, ಅದಕ್ಕೊಂದು ರಾಟೆ. ಅಚ್ಚುಕಟ್ಟಾಗಿ ಚಿತ್ರ ಬರೆದು ಮೇಷ್ಟ್ರ ಮನೆಗೆ ಒಯ್ದಳು.

ಮೇಷ್ಟ್ರು ಕಾಲನ್ನು ಸ್ಟೂಲಿನ ಮೇಲೆ ನೆಟ್ಟಗೆ ಚಾಚಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. "ನಾನೇನು ಸಾಮಾನಾ?" ಅಂದರು.

"ಹಾಗಲ್ಲ ಮೇಷ್ಟ್ರೇ."

"ನೀರಲ್ಲಿ ನನಗೆ ಯಾರೂ ಬೇಡ. ದಡದಲ್ಲಿ ಎಲ್ಲರೂ ಸುತ್ತ ನಿಂತು ನನ್ನನ್ನ ಇಳಿಸೋದು, ಹತ್ತಿಸೋದು ನೋಡೋದಾದ್ರೆ ನಾನು ಬರಲ್ಲಮ್ಮ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಂಡಳು. ಇಷ್ಟೆಲ್ಲ ತಲೆ ಕೆಡಿಸಿಕೊಂಡದ್ದು ನೀರಲ್ಲಿ ಹೋಮ ಮಾಡಿದಂತಾಯಿತಲ್ಲ ಎಂದು ಮುಖ ಊದಿಸಿಕೊಂಡು ಮನೆಗೆ ಬಂದಳು. ಅಲ್ಲಿ ಬಚ್ಚಲಿನ ಮಣೆಯ ಮೇಲಿಂದ ಅತ್ತೆ ಏಳಲು ಒದ್ದಾಡುತ್ತಿರುವುದು ಕಂಡಿತು. ಓಡಿಹೋಗಿ ಕಂಕುಳಿಗೆ ಕೈ ಹಾಕಿದಳು. ಮುದುಕಿ ಆ ಕೈಯನ್ನು ಕೊಡವಿದಳು.

"ಎತ್ತಬೇಡ ಮಾರಾಯ್ತಿ. ಹಿಡ್ಕೊಳ್ಳೋಕೆ ಏನಾದ್ರೂ ಇದ್ರೆ ಕೊಡು, ನಾನೇ ಏಳ್ತೀನಿ."

ಲಿಫ್ಟಕ್ಕ ಬಾಗಿಲ ಚೌಕಟ್ಟಿಗೆ ಟವೆಲ್ಲು ಬಿಗಿದು ತುದಿಯನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಏದುಸಿರು ಬಿಡುತ್ತ, ಗೊಣಗುತ್ತ, ತಾನೇ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಸೊಸೆ ಮಾತ್ರ ಟವೆಲ್ಲನ್ನೇ ನೋಡುತ್ತ ಬಚ್ಚಲಲ್ಲೇ ನಿಂತುಬಿಟ್ಟಳು. ಅಂದೇ ಸಂಜೆ ಕುರ್ಚಿಯ ಚಿತ್ರ ಒಲೆಗೆ ಹೋಯಿತು.

ಮುಂದಿನ ರಜೆಯ ದಿನ ಗಂಡನನ್ನು ಕರೆದುಕೊಂಡು ಕಲ್ಲುಗಣಿಗೆ ಹೋದಳು. ಗಂಡ ಬ್ರೆಡ್ಡಿನ ಬೇಕರಿಯಲ್ಲಿ ಕೆಲಸ ಮಾಡುವವನು. ನೀರೆಂದರೆ ಮಾರು ದೂರ. ಬೇಕರಿಯ ಪೆಟ್ಟಿಗೆಯಿಂದ ಕಿತ್ತ ಎರಡು ಹಲಗೆಗಳನ್ನು ಅವಳ ಕಾಲಿನ ಎರಡೂ ಬದಿಗಿಟ್ಟು, ಮೊಣಕಾಲು ಮಡಚದಂತೆ ಬಟ್ಟೆಯಲ್ಲಿ ಬಿಗಿದು ಕಟ್ಟಿದ.

"ನೋಡಿದೋರು ನಾನೇ ನಿನ್ನ ಕಾಲು ಮುರಿದೆ ಅಂದ್ಕೋತಾರೆ."

"ಇನ್ನೂ ಮುರಿದಿಲ್ಲ. ಬಿಗಿಯಾಗಿ ಕಟ್ಟು."

ನಿಂತು ಇಳಿಯಲು ಹೋಗಿ ಪಾಚಿಯ ಮೇಲೆ ಜಾರಿ ಬಿದ್ದಳು. ಅಡ್ಡಡ್ಡ ನಡೆದು ನೋಡಿ ಮತ್ತೆ ಬಿದ್ದಳು. ಕೊನೆಗೆ ಕೆರೆಗೆ ಬೆನ್ನು ಹಾಕಿ ಕೂತು, ಅಂಗೈ ಊರಿಕೊಂಡು ಹಿಂದಕ್ಕೆ ಸರಿದರೆ ಇಳಿಯಬಹುದು ಎಂದು ತಿಳಿಯಿತು. ಸಂಕಟವಿದ್ದದ್ದು ಹತ್ತುವುದರಲ್ಲಿ. ನೀರಲ್ಲಿ ಹೂವಿನಂತಿದ್ದ ಸಿಲಿಂಡರು ದಡಕ್ಕೆ ಬಂದ ಕೂಡಲೇ ಬೆನ್ನನ್ನು ನೆಲಕ್ಕೆ ಜಗ್ಗುತ್ತಿತ್ತು. ಅದನ್ನು ನೀರಲ್ಲೇ ಕಳಚಿಟ್ಟು, ಮೇಲಿನ ಮರಕ್ಕೆ ಕಟ್ಟಿದ ಹಗ್ಗವನ್ನು ಹಿಡಿದೆಳೆದುಕೊಂಡಾಗ ಮಾತ್ರ ಮೇಲೆ ಬಂದಳು, ಅಂಗೈ ತರಚಿಕೊಂಡು. ಹಾಗಾದರೆ ಕಲ್ಲಿನ ಮೇಲೆ ಹಾಸಲು ಏನಾದರೂ ಬೇಕು, ಹಗ್ಗಕ್ಕೆ ಅಲ್ಲಲ್ಲಿ ಗಂಟು ಬೇಕು. ಗಂಡ ದಡದಲ್ಲಿ ಕೂತು ಎಲ್ಲ ನೋಡುತ್ತಿದ್ದ. ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೂ ಈ ಹೆಂಗಸು ತನಗೆ ಪೂರ್ತಿ ಗೊತ್ತಿಲ್ಲ ಅಂತ ಅವನಿಗೆ ಅಂದು ಅನ್ನಿಸಿತಂತೆ.

ಮತ್ತೆ ಮೇಷ್ಟ್ರ ಮನೆಗೆ ಹೋದಾಗ ಅವಳು ಬರಿಗೈಯಲ್ಲಿದ್ದಳು. ನಡೆದದ್ದನ್ನೆಲ್ಲ ಹೇಳಿದಳು.

"ಕಾಲು ಕಟ್ಕೊಂಡು ನೀನೇ ಇಳಿದು ನೋಡಿದ್ಯಾ?"

"ಹೂಂ."

"ಎಷ್ಟು ಸಲ ಬಿದ್ದೆ?"

"ಎಣಿಸ್ಲಿಲ್ಲ ಮೇಷ್ಟ್ರೇ."

ಮೇಷ್ಟ್ರು ಸ್ಟೂಲಿನ ಮೇಲಿದ್ದ ಕಾಲನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕಿಳಿಸಿದರು. ಆಮೇಲೆ, "ಹಗ್ಗ ಎಷ್ಟು ದಪ್ಪ ತಗೊಂಡಿದ್ದೀಯ?" ಎಂದು ಕೇಳಿದರು. ಬರುತ್ತಾರೆ ಎಂದು ಅವಳಿಗೆ ಆಗ ಗೊತ್ತಾಯಿತು.

ಉಳಿದ ತಯಾರಿ ಅವಳಿಗೆ ಎಡಗೈ ಕೆಲಸ. ಸಿಲಿಂಡರ್ ತುಂಬಿಸುವವನ ಬಾಯಿಂದ ಮೂರು ಸಲ "ಇರ್ತೀನಿ" ಅನ್ನಿಸಿದಳು. ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕ ಸಿಹಿನೀರಿಗೆ ಸಮುದ್ರದಷ್ಟು ಬೇಡವೆಂದು ಹೊಸಬರಿಗೆ ತಿಳಿಸಿ ಹೇಳಿದಳು. ಕೆರೆಯ ಬಳಿ ಫೋನು ಸಿಗುವುದು ದಿಬ್ಬದ ನೆತ್ತಿಯಲ್ಲಿ ಮಾತ್ರ. ಏನಾದರೂ ಅನಾಹುತವಾದರೆ ಫೋನು ಮಾಡಲೆಂದು ಅಲ್ಲಿಗೆ ಗಂಡನನ್ನು ಕಾವಲು ಹಾಕಿದಳು. ಕೆರೆಗೆ ಇಳಿಯಲು ಇನ್ನೊಂದು ಜಾಗವಿತ್ತು, ಅಲ್ಲಿ ಆಳ ಬೇಗ ಸಿಗುತ್ತದೆ ಎಂದು ಅಧ್ಯಕ್ಷರು ನೆನಪಿಸಿದರು.

"ಬೇಡ. ಎಲ್ಲರೂ ಹಗ್ಗ ಇರೋ ಕಡೆನೇ ಇಳಿಯೋಣ. ಎಲ್ಲರೂ ಅದನ್ನೇ ಹಿಡಿಯೋಣ," ಅಂದಳು.

ಅಧ್ಯಕ್ಷರಿಗೆ ಅರ್ಥವಾಯಿತು. ಶನಿವಾರ ಬೆಳಿಗ್ಗೆ ಹಗ್ಗ ಹಿಡಿದು ಮೊದಲು ಇಳಿದವರು ಅವರೇ.

ಆದರೂ ಒಂದು ಎಡವಟ್ಟಾಯಿತು. ಸರಕಿನ ಲಿಫ್ಟಿನಿಂದ ಬಿಚ್ಚಿ ತಂದಿದ್ದ ರಬ್ಬರಿನ ಹಾಸನ್ನು ಕಲ್ಲಿನ ಮೇಲೆ ಹಾಸಿದರೆ, ನೀರಿನಲ್ಲಿದ್ದ ತುದಿ ನಾಲಗೆಯಂತೆ ಮೇಲೆದ್ದು ತೇಲತೊಡಗಿತು. ಮೊದಲೇ ಬಂದು ನೋಡಿದ್ದರೂ ಲಿಫ್ಟಕ್ಕನಿಗೆ ಇದು ಹೊಳೆದಿರಲಿಲ್ಲ. ಮುಖ ಕೆಂಪಾಗಿಸಿಕೊಂಡು ಕಾಲಿನಿಂದ ಅದುಮುತ್ತ ನಿಂತಳು.

"ಸೊಂಟದ ಸೀಸ ಯಾಕಿರೋದು? ತುದಿಗೆ ಇಡಿ," ಎಂದು ಮೇಲಿನಿಂದ ಮೇಷ್ಟ್ರ ದನಿ ಬಂತು. ಈಜುಕೊಳದ ಆ ಹಳೆಯ ದನಿ. ಕೂಡಲೇ ಹತ್ತು ಕೈಗಳು ಸೀಸ ಹಿಡಿದು ಬಂದವು.

ಮೇಷ್ಟ್ರು ಹಾಸಿನ ಮೇಲೆ ಕೂತು ಹಿಂದಕ್ಕೆ ಸರಿಯುತ್ತ, ಗಂಟಿನಿಂದ ಗಂಟಿಗೆ ಕೈ ಬದಲಿಸುತ್ತ ಇಳಿದರು. ಯಾರೂ ಅವರನ್ನು ಮುಟ್ಟಲಿಲ್ಲ. ಯಾರೂ ದಿಟ್ಟಿಸಿ ನೋಡಲೂ ಇಲ್ಲ. ಎಲ್ಲರಿಗೂ ಆ ಹೊತ್ತಿಗೆ ತಂತಮ್ಮ ಬೆಲ್ಟು ಬಿಗಿಯುವ ಕೆಲಸ ಬಂದುಬಿಟ್ಟಿತ್ತು. ಎದೆಮಟ್ಟದ ನೀರಲ್ಲಿ ಲಿಫ್ಟಕ್ಕ ತೇಲಿಸಿ ಹಿಡಿದಿದ್ದ ಸಿಲಿಂಡರಿಗೆ ಅವರು ಬೆನ್ನು ಕೊಟ್ಟು, ಪಟ್ಟಿಗಳನ್ನು ತಾವೇ ಎಳೆದುಕೊಂಡು, ಇಳಿಯೋಣ ಎಂದು ಹೆಬ್ಬೆರಳನ್ನು ಕೆಳಕ್ಕೆ ತೋರಿಸಿ ಮುಳುಗಿದರು.

ಒಳಗೆ ನೀರು ತಿಳಿಹಸಿರು. ಸ್ವಲ್ಪ ಕೆಳಗಿಳಿದ ಮೇಲೆ ಒಮ್ಮೆಲೇ ತಣ್ಣಗಿನ ಪದರ. ಅದರಡಿಯಲ್ಲಿ ಗಣಿಯ ಕಾಲದ ತುಕ್ಕು ಹಿಡಿದ ಕ್ರೇನು, ಅದರ ತೋಳಿನ ಕೆಳಗೆ ಕದಲದೆ ನಿಂತ ಪಟ್ಟೆಪಟ್ಟೆ ಮೀನುಗಳು. ದಡದಲ್ಲಿ ಕಟ್ಟಿಗೆಯಂತಿದ್ದ ಆ ಕಾಲು ಇಲ್ಲಿ ಚುಕ್ಕಾಣಿಯಂತೆ ಹಿಂದೆ ಚಾಚಿತ್ತು. ಮೇಷ್ಟ್ರು ಮೀನುಗಳ ನಡುವೆ, ಒಂದನ್ನೂ ಬೆದರಿಸದೆ, ಹಾದುಹೋದರು. ಲಿಫ್ಟಕ್ಕ ಹಿಂದೆಯೇ ಇದ್ದಳು. ಮುಖವಾಡದೊಳಗೆ ಅತ್ತರೆ ಒರೆಸಿಕೊಳ್ಳಲು ಆಗುವುದಿಲ್ಲ ಎಂಬುದು ಅವಳಿಗೆ ಅಂದು ಗೊತ್ತಾಯಿತು.

ಹತ್ತುವುದು ಸುಲಭವಾಗಲಿಲ್ಲ. ಅರ್ಧದಾರಿಯಲ್ಲಿ ಮೇಷ್ಟ್ರು ನಿಂತು, ಹಗ್ಗ ಹಿಡಿದ ಕೈಗೆ ಹಣೆ ಆನಿಸಿ, ದಣಿವಾರಿಸಿಕೊಂಡರು. ಲಿಫ್ಟಕ್ಕ ಪಕ್ಕದ ಕಲ್ಲಿನ ಮೇಲೆ ಕೈ ಕಟ್ಟಿಕೊಂಡು ನಿಂತಿದ್ದಳು. ಆ ಕೈಗಳನ್ನು ಸುಮ್ಮನಿರಿಸುವುದು ಅವಳ ಬಾಳಿನ ಕಷ್ಟದ ಕೆಲಸಗಳಲ್ಲಿ ಒಂದಾಗಿತ್ತು. ಕೊನೆಗೆ ಮರದ ಬುಡ ಮುಟ್ಟಿ, ಉಸಿರು ತಿರುಗಿದ ಮೇಲೆ ಮೇಷ್ಟ್ರು ಹೇಳಿದ್ದು ಇಷ್ಟೇ: "ಹಗ್ಗ ಎಡಗಡೆ ಕಟ್ಟಬೇಕಿತ್ತು. ನಾಳೆ ಬದಲಾಯಿಸು."

ಅವಳು ಆಗಲೇ ಹೋಗಿ ಬದಲಾಯಿಸಿದಳು.

ಭಾನುವಾರ ಬೆಳಿಗ್ಗೆ ಲಿಫ್ಟಕ್ಕ ಎದ್ದು ಗುಡಾರದಿಂದ ಹೊರಬಂದಾಗ ಕೆರೆಯ ಮೇಲೆ ಮಂಜು ಇನ್ನೂ ಹರಿದಿರಲಿಲ್ಲ. ಮೇಷ್ಟ್ರು ಎಲ್ಲರಿಗಿಂತ ಮೊದಲೇ ಹಾಸಿನ ಮೇಲೆ ಕೂತು, ಹೊಸದಾಗಿ ಸೇರಿದ ನರ್ಸೊಬ್ಬಳಿಗೆ ಗದರುತ್ತಿದ್ದರು. "ಉಸಿರು ಹಿಡೀಬೇಡ ಅಂದ್ನಲ್ಲ. ಬಿಡು. ನಿಧಾನಕ್ಕೆ ಬಿಡು. ಯಾವ ಬಸ್ ಹಿಡಿಯೋಕಿದೆ ನಿನಗೆ?"

ಲಿಫ್ಟಕ್ಕ ಹತ್ತಿರ ಹೋಗಲಿಲ್ಲ. ಗಂಡ ತಂದುಕೊಟ್ಟ ಚಹಾ ಹಿಡಿದು ಅಲ್ಲೇ ಕಲ್ಲಿಗೆ ಒರಗಿ, ಪಾಠ ಮುಗಿಯುವವರೆಗೂ ಕೇಳುತ್ತ ನಿಂತಳು.